ಮಳೆಗಾಲದ ಕಪಾಟಿಗೆ ಯಾವ ಪುಸ್ತಕ?

ಪ್ರಶ್ನೆ: ನಾವು ಮಂಜೇಶ್ವರ ತಾಲೂಕಿನ ಒಂದು ಹಳ್ಳಿಯ ಗ್ರಂಥಾಲಯ ಸಮಿತಿಯವರು. ನೆರೆ, ಗುಡ್ಡೆ ಕುಸಿತ, ಜ್ವರದ ಹಾವಳಿ ಬಂದಾಗ ಕೈಗೆ ಸಿಗುವಂತೆ ಒಂದು ಕಪಾಟು ಪುಸ್ತಕ ಇಡಬೇಕೆಂದಿದ್ದೇವೆ. ಕಾದಂಬರಿಗಳೂ ಇರಲಿ ಎಂದು ಹುಡುಗರು ಹೇಳುತ್ತಿದ್ದಾರೆ. ಹುಡುಕಿದಾಗ ಸಿಗುವ ಪಟ್ಟಿಗಳೆಲ್ಲ ಅಮೆರಿಕದವು. ಅವು ನಮ್ಮ ಕಡೆಗೆ ಹೊಂದುತ್ತವೆಯೇ? ಮೊದಲು ಯಾವುದನ್ನು ತರಿಸಬೇಕು?

ಉತ್ತರ: ಪುಸ್ತಕದ ಪಟ್ಟಿ ಮಾಡುವ ಮೊದಲು ಊರಿನ ಪಟ್ಟಿ ಮಾಡಿ. ಕಳೆದ ಇಪ್ಪತ್ತು ವರ್ಷಗಳಲ್ಲಿ ನಿಮ್ಮ ವಾರ್ಡಿಗೆ ಏನೇನು ಬಂದಿದೆ ಎಂದು ಹಿರಿಯರನ್ನು ಕೂರಿಸಿ ಕೇಳಿದರೆ ಹೆಚ್ಚುಕಡಿಮೆ ಹೀಗೆ ಬಂದೀತು: ತೋಡು ಉಕ್ಕಿ ಅಂಗಳಕ್ಕೆ ನೀರು, ಬಾವಿಗೆ ಕೆಸರುನೀರು, ಗುಡ್ಡೆಯ ಬದಿ ಜರಿದದ್ದು, ಮರ ಬಿದ್ದು ಮೂರು ನಾಲ್ಕು ದಿನ ಕರೆಂಟಿಲ್ಲದ್ದು, ತುಲಾಮಾಸದ ಸಿಡಿಲು, ಕರಾವಳಿಯ ವಾರ್ಡಾದರೆ ಕಡಲು ಮೇಲೇರಿದ್ದು, ಮಳೆ ಬಿಟ್ಟ ಮೇಲೆ ಇಲಿಜ್ವರ. ಅಮೆರಿಕದ ಪುಸ್ತಕಗಳು ಹಿಮಗಾಳಿ, ಸುಂಟರಗಾಳಿ, ಅಣುಬಾಂಬುಗಳಿಗಾಗಿ ಬರೆದವು. ಅವುಗಳ ಪ್ರಿಯವಾದ ಸಲಹೆ ನೆಲಮಾಳಿಗೆಗೆ ಇಳಿದು ಕೂರುವುದು. ಸುಂಟರಗಾಳಿಗೆ ಅದು ಸರಿ. ಮಧುವಾಹಿನಿಯ ದಡದಲ್ಲಿ ಹಾಗೆ ಮಾಡಿದರೆ ಅದೇ ಸಾವಿನ ಗುಂಡಿ. ಹಾಗೆಂದು ಅವುಗಳನ್ನೆಲ್ಲ ತಳ್ಳಿಹಾಕಬೇಕಿಲ್ಲ, ಆರಿಸಿಕೊಳ್ಳಬೇಕು ಅಷ್ಟೆ.

ಆರಿಸುವಾಗ ಒಂದು ವಿಂಗಡಣೆಯನ್ನು ಮನಸ್ಸಿನಲ್ಲಿಡಿ. ಅಳತೆಗೆ ಕೈಪಿಡಿ ನೋಡಬೇಕು: ಎಷ್ಟು ಗ್ರಾಂ, ಎಷ್ಟು ಲೀಟರ್, ಎಷ್ಟು ಹೊತ್ತು. ಕಾದಂಬರಿ ಹೇಳಿಕೊಡುವುದು ಬೇರೆಯದನ್ನು: ಹೊರಡಬೇಕಾದ ಹೊತ್ತಿನಲ್ಲಿ ಜನ ಯಾಕೆ ಹೊರಡುವುದಿಲ್ಲ, ಕಣ್ಣೆದುರಿನ ಸೂಚನೆಯನ್ನು ಯಾಕೆ ಓದುವುದಿಲ್ಲ. ಇವೆರಡನ್ನು ಅದಲುಬದಲು ಮಾಡಿಕೊಂಡಲ್ಲೇ ಎಡವಟ್ಟು. ಸಾಹಸಕಥೆ ಓದಿ ನೀರಿನ ಲೆಕ್ಕ ಕಲಿತವರೂ, ಕೈಪಿಡಿಯನ್ನು ಬಾಯಿಪಾಠ ಮಾಡಿ ಎಲ್ಲ ಗೊತ್ತೆಂದು ಜಗಲಿಯಲ್ಲೇ ಕೂತವರೂ ಒಂದೇ ದೋಣಿಗೆ ಕಾಯಬೇಕಾಗುತ್ತದೆ.

ಮೊದಲ ಪುಸ್ತಕ ನೀರಿನದು. ನೆರೆ ಇಳಿದ ಮೇಲೆ ಹಾಸಿಗೆ ಹಿಡಿಸುವುದು ಹೆಚ್ಚಾಗಿ ಬಾವಿಯೇ. ಇದಕ್ಕೆ ಬದುಕುಳಿಯುವ ಕಲೆಯ ಯಾವ ಹೊಳಪು ಹಾಳೆಯ ಪುಸ್ತಕವೂ ಆಗಿಬರುವುದಿಲ್ಲ. ಅವುಗಳಲ್ಲಿ ನದಿ, ತೊರೆ, ಮಂಜುಗಡ್ಡೆಗಳಿಗೆ ಜಾಗವಿದೆ, ಕಲ್ಲು ಕಟ್ಟಿದ ಮನೆಬಾವಿಗಿಲ್ಲ. ನಿಮಗೆ ಬೇಕಾದದ್ದು ವೈದ್ಯಕೀಯ ವಿದ್ಯಾರ್ಥಿಗಳು ಓದುವ ಕೆ. ಪಾರ್ಕ್ ಅವರ ದಪ್ಪ ಪಠ್ಯ, ‘ಟೆಕ್ಸ್ಟ್‌ಬುಕ್ ಆಫ್ ಪ್ರಿವೆಂಟಿವ್ ಆ್ಯಂಡ್ ಸೋಶಿಯಲ್ ಮೆಡಿಸಿನ್’. ಹಳೆಯ ಆವೃತ್ತಿ ಮಂಗಳೂರಿನ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕರೂ ಸಾಕು, ಬಾವಿ ಶುದ್ಧಿ ಮಾಡುವ ಭಾಗ ಹಳತಾಗುವಂಥದ್ದಲ್ಲ. ಆ ಪುಟಗಳನ್ನು ಒಬ್ಬರು ಕುಳಿತು ಕನ್ನಡದಲ್ಲಿ ಬರೆದು, ದೊಡ್ಡ ಅಕ್ಷರದಲ್ಲಿ ಪ್ರತಿ ತೆಗೆದು ಮನೆಮನೆಗೆ ಕೊಟ್ಟರೆ ನಿಮ್ಮ ಕಪಾಟಿನ ಅರ್ಧ ಕೆಲಸ ಮುಗಿದಂತೆ.

ಸಾರ ಇಷ್ಟು. ಬಾವಿಯ ವ್ಯಾಸವನ್ನೂ ನೀರಿನ ಆಳವನ್ನೂ ಮೀಟರಿನಲ್ಲಿ ಅಳೆಯಿರಿ. ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಅದನ್ನು ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ನೀರು ಎಷ್ಟು ಲೀಟರೆಂದು ಸಿಗುತ್ತದೆ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 28,260 ಲೀಟರ್. ಮಾಮೂಲು ಶುದ್ಧೀಕರಣಕ್ಕೆ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್, ಅಂದರೆ ಈ ಬಾವಿಗೆ ಸುಮಾರು 70 ಗ್ರಾಂ. ನೆರೆನೀರು ನುಗ್ಗಿದ ಬಾವಿಗೆ ಕೇರಳದ ಆರೋಗ್ಯ ಇಲಾಖೆ ಹೇಳುವುದು ಅದರ ಎರಡರಷ್ಟು, 1,000 ಲೀಟರಿಗೆ 5 ಗ್ರಾಂ: 140 ಗ್ರಾಂ. ಪುಡಿಯನ್ನು ಒಂದು ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನಂತೆ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ ಕದಡಿ, 5ರಿಂದ 10 ನಿಮಿಷ ಬಿಡಿ. ಒಂದು ಬಕೆಟ್‌ಗೆ 100 ಗ್ರಾಮಿಗಿಂತ ಹೆಚ್ಚು ಬೇಡ, 140 ಗ್ರಾಂ ಆದರೆ ಎರಡು ಸಲ ಮಾಡಿ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ ಹಗ್ಗ ಕಟ್ಟಿ ಬಾವಿಗೆ ಇಳಿಸಿ. ನೀರಿನೊಳಗೆ ಮುಳುಗಿದ ಮೇಲೆ ಮೇಲಕ್ಕೂ ಕೆಳಕ್ಕೂ ಅತ್ತಿತ್ತಲೂ ಆಡಿಸಿ ನೀರನ್ನೆಲ್ಲ ಕಲಕಿ. ಕನಿಷ್ಠ 1 ಗಂಟೆ ನೀರು ಸೇದಬಾರದು, ರಾತ್ರಿ ಮಾಡಿ ಬೆಳಗ್ಗೆ ಸೇದುವುದು ಒಳ್ಳೆಯದು.

ತಪ್ಪಾಗುವುದು ಎಲ್ಲೆಲ್ಲಿ ಎಂದರೆ, ಒಂದು, ಆಳವನ್ನು ಕೋಲಿನ ಲೆಕ್ಕದಲ್ಲಿ ಹೇಳಿ ಅದನ್ನೇ ಮೀಟರೆಂದು ಗುಣಿಸುವುದು. ಎರಡು, ತಳದಲ್ಲಿ ಕೂತ ಸುಣ್ಣವನ್ನೂ ಬಾವಿಗೆ ಸುರಿಯುವುದು, ಇದರಿಂದ ನೀರು ಗಡಸಾಗುತ್ತದೆ. ಮೂರನೆಯದು ಬಹಳ ಸಾಮಾನ್ಯ: ಕಳೆದ ವರ್ಷದ ಬಾಯಿಬಿಚ್ಚಿದ ಪೊಟ್ಟಣವನ್ನೇ ಬಳಸುವುದು. ಒಳ್ಳೆಯ ಪುಡಿಯಲ್ಲಿ ಶೇಕಡ 33ರಷ್ಟು ಕ್ಲೋರಿನ್ ಇರುತ್ತದೆ. ನಮ್ಮ ತೇವದ ಗಾಳಿಗೆ ತೆರೆದಿಟ್ಟರೆ ಅದು ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ಸರಿಯಾಗಿ ತೂಗಿ ಹಾಕಿದರೂ ಹಾಕದಂತೆಯೇ. ಇನ್ನು, ಕೆಸರು ಕದಡಿದ ನೀರಿಗೆ ಕ್ಲೋರಿನ್ ಹಾಕಿದರೆ ಅದರ ಶಕ್ತಿಯೆಲ್ಲ ಕೆಸರಿಗೇ ಖರ್ಚಾಗುತ್ತದೆ, ಆದ್ದರಿಂದ ಮೊದಲು ನೀರು ತಿಳಿಯಾಗಲಿ.

ಅದೇ ಪುಸ್ತಕದಲ್ಲಿ ಜೋಡಿ ಮಡಕೆಯ ವಿಧಾನವೂ ಇದೆ: ದಿನಾ ಸೇದುವ ಸಣ್ಣ ಬಾವಿಯಲ್ಲಿ, 1 ಕಿಲೋ ಬ್ಲೀಚಿಂಗ್ ಪೌಡರನ್ನು 2 ಕಿಲೋ ದಪ್ಪ ಮರಳಿನೊಂದಿಗೆ ಬೆರೆಸಿ, ಒಂದೊಂದು ತೂತಿರುವ ಎರಡು ಮಡಕೆಗಳನ್ನು ಒಂದರೊಳಗೊಂದು ಇಟ್ಟು ನೀರಿನ ಮಟ್ಟದಿಂದ 1 ಮೀಟರ್ ಕೆಳಗೆ ಇಳಿಬಿಡುವುದು. ಸುಮಾರು 4,500 ಲೀಟರಿನ ಬಾವಿಗೆ ಎರಡು ಮೂರು ವಾರ ಬರುತ್ತದೆ. ಶಾಲೆಯ ಬಾವಿಗೆ ಮಾಡಿ ತೋರಿಸಲು ಒಳ್ಳೆಯದು, ಬಾವಿ ದೊಡ್ಡದಾದರೆ ಒಂದು ಜೋಡಿ ಸಾಲದೆಂದು ನೆನಪಿಟ್ಟುಕೊಳ್ಳಿ.

ಆದರೆ ಪಾರ್ಕ್ ಅವರಿಗೂ ನಮ್ಮ ಸುರಂಗ ಗೊತ್ತಿಲ್ಲ. ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ಕುಡಿಯುವ ಮನೆಗಳಿಗೆ ಬಾವಿಯ ಸೂತ್ರ ಹೊಂದದು, ನೀರು ಹರಿಯುತ್ತಲೇ ಇರುತ್ತದೆ. ಅಲ್ಲಿ ಶುದ್ಧಿ ಮಾಡಬೇಕಾದದ್ದು ನೀರು ಬಂದು ನಿಲ್ಲುವ ತೊಟ್ಟಿಯನ್ನು. ಮಳೆಗಾಲದಲ್ಲಿ ಸುರಂಗದ ನೀರು ದಿಢೀರನೆ ಕೆಂಪಾದರೆ, ಅಥವಾ ಹರಿಯುತ್ತಿದ್ದುದು ನಿಂತುಬಿಟ್ಟರೆ ಅದು ನೀರಿನ ಸಮಸ್ಯೆಯಲ್ಲ, ಗುಡ್ಡೆಯ ಸಮಸ್ಯೆ. ನೋಡಿ ಬರುತ್ತೇನೆಂದು ಯಾರೂ ಒಳಗೆ ಹೋಗಬಾರದು. ನೆಲದಲ್ಲಿ ಹೊಸ ಬಿರುಕು, ಓರೆಯಾದ ಅಡಿಕೆ ಮರ, ಇದ್ದಕ್ಕಿದ್ದಂತೆ ಬಿಗಿಯಾಗಿ ಮುಚ್ಚದೆ ಹೋದ ಬಾಗಿಲು, ಇವುಗಳೊಂದಿಗೆ ಕೂಡಿಸಿ ಓದಿ ಮನೆ ಬಿಡಬೇಕು. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಜನ ನಿದ್ದೆಯಲ್ಲಿದ್ದರು. ಸೂಚನೆ ಕಂಡ ದಿನ ರಾತ್ರಿಯಾಗುವ ಮೊದಲೇ ಹೊರಡಬೇಕೆನ್ನುವುದು ಅದಕ್ಕಾಗಿಯೇ. ನಿಮ್ಮ ಕಪಾಟಿನಲ್ಲಿ ಸುರಂಗದ ಬಗ್ಗೆ ಒಂದು ಪುಟ ಬೇಕಾದರೆ ಅದನ್ನು ನೀವೇ ಬರೆಯಬೇಕು.

ಎರಡನೆಯ ಪುಸ್ತಕ ಡೇವಿಡ್ ವರ್ನರ್ ಅವರ ‘ವೇರ್ ದೇರ್ ಈಸ್ ನೋ ಡಾಕ್ಟರ್’. ಮೆಕ್ಸಿಕೋದ ಬೆಟ್ಟದ ಹಳ್ಳಿಗಳಿಗಾಗಿ ಮೊದಲು ಸ್ಪ್ಯಾನಿಷ್‌ನಲ್ಲಿ ಬರೆದದ್ದು, 1977ರಲ್ಲಿ ಇಂಗ್ಲಿಷಿಗೆ ಬಂತು. ಹೆಸ್ಪೇರಿಯನ್ ಸಂಸ್ಥೆ ತನ್ನ ಜಾಲತಾಣದಲ್ಲಿ ಉಚಿತವಾಗಿ ಇಟ್ಟಿದೆ. ಚಿತ್ರಗಳೇ ಅರ್ಧ ಪಾಠ ಹೇಳುವುದರಿಂದ ಇಂಗ್ಲಿಷ್ ಕಡಿಮೆ ಇದ್ದವರಿಗೂ ನಡೆಯುತ್ತದೆ. ಅತಿಸಾರ, ಸುಟ್ಟಗಾಯ, ಮೂಳೆಮುರಿತ, ಹೆರಿಗೆ ಇವುಗಳ ಅಧ್ಯಾಯಗಳು ಓದಲೇಬೇಕಾದವು. ಕೊನೆಯ ಹಸಿರು ಪುಟಗಳಲ್ಲಿ ಔಷಧಿಗಳ ಪ್ರಮಾಣವಿದೆ. ಅದನ್ನು ನೋಡಿ ಮಾತ್ರೆ ಹಂಚುವ ಉತ್ಸಾಹ ಯಾರಿಗೂ ಬಾರದಂತೆ ನೋಡಿಕೊಳ್ಳಿ. ವೈದ್ಯರೇ ಇಲ್ಲದ ಊರಿಗಾಗಿ ಬರೆದ ಪುಸ್ತಕ ಅದು, ನಿಮ್ಮಲ್ಲಿ ಕುಟುಂಬ ಆರೋಗ್ಯ ಕೇಂದ್ರವಿದೆ. ಇಲಿಜ್ವರ ತಡೆಯುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಕೆಸರುನೀರಿನಲ್ಲಿ ಕೆಲಸ ಮಾಡುವವರಿಗೆ ಅಲ್ಲಿಯೇ ಕೊಡುತ್ತಾರೆ. ಬಸುರಿಯರಿಗೂ ಮಕ್ಕಳಿಗೂ ಬೇರೆ ಲೆಕ್ಕವಿರುವುದರಿಂದ ಪುಸ್ತಕ ನೋಡಿ ನುಂಗುವುದು ಬೇಡ.

ಮನೆಯಲ್ಲೇ ಮಾಡುವ ಸಕ್ಕರೆ–ಉಪ್ಪಿನ ನೀರಿನ ಅಳತೆ ಮಾತ್ರ ಎಲ್ಲರಿಗೂ ಬಾಯಿಪಾಠವಾಗಬೇಕು: ಕುದಿಸಿ ಆರಿಸಿದ 1 ಲೀಟರ್ ನೀರಿಗೆ ಸಮತಟ್ಟಾಗಿ ಒರೆಸಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ರುಚಿ ನೋಡಿದರೆ ಕಣ್ಣೀರಿಗಿಂತ ಉಪ್ಪಾಗಿರಬಾರದು. ಅಂಗಡಿಯ ಓಆರ್‌ಎಸ್ ಪೊಟ್ಟಣದಲ್ಲಿ 1 ಲೀಟರಿನದ್ದೂ ಇದೆ, 200 ಮಿಲಿಯದ್ದೂ ಇದೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವುದು ದಿನಾ ನಡೆಯುವ ತಪ್ಪು.

ನೀರು ಕುದಿಸುವ ಬಗ್ಗೆಯೂ ಒಂದು ಮಾತು. ಹಳೆಯ ಪುಸ್ತಕಗಳು 10, 20 ನಿಮಿಷ ಎನ್ನುತ್ತವೆ. ಚೆನ್ನಾಗಿ ಕುದಿ ಬಂದ ಮೇಲೆ 1 ನಿಮಿಷ ಸಾಕು, ಉಳಿದದ್ದು ಗ್ಯಾಸಿಗೆ ನಷ್ಟ. ಆದರೆ ಕುದಿಸುವುದೂ ಕ್ಲೋರಿನ್ನೂ ರೋಗಾಣುವಿಗೆ ಮಾತ್ರ ಮದ್ದು. ತೋಟದ ಕೊಟ್ಟಿಗೆಯಲ್ಲಿಟ್ಟ ಮೈಲುತುತ್ತು, ಕಳೆನಾಶಕ, ಪಂಪಿನ ಡೀಸೆಲ್ ನೆರೆನೀರಿಗೆ ಸೇರಿ ಬಾವಿಗೆ ಇಳಿದಿದ್ದರೆ ಎಷ್ಟು ಕುದಿಸಿದರೂ ಹೋಗದು. ಆ ಬಾವಿಯನ್ನು ಬಿಡಬೇಕು, ನೀರು ಪರೀಕ್ಷೆಗೆ ಕೊಡಬೇಕು. ಮೇ ತಿಂಗಳಲ್ಲೇ ಮದ್ದಿನ ಡಬ್ಬಗಳನ್ನು ಅಟ್ಟಕ್ಕೆ ಏರಿಸಿದರೆ ಈ ಗೋಳೇ ಇಲ್ಲ.

ಮೂರನೆಯದಾಗಿ ‘ಸ್ಫಿಯರ್ ಹ್ಯಾಂಡ್‌ಬುಕ್’. 2018ರ ಆವೃತ್ತಿ ಉಚಿತವಾಗಿ ಸಿಗುತ್ತದೆ. ಇದು ಮನೆಗಲ್ಲ, ಸಮಿತಿಗೆ. ನಿಮ್ಮೂರ ಶಾಲೆ ಪರಿಹಾರ ಶಿಬಿರವಾದ ದಿನ ಎಷ್ಟು ಜನಕ್ಕೆ ಎಷ್ಟು ಬೇಕೆಂಬುದು ಇದರಲ್ಲಿದೆ: ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ ಕನಿಷ್ಠ 15 ಲೀಟರ್ ನೀರು, ಅದರಲ್ಲಿ ಕುಡಿಯಲು ಮತ್ತು ಆಹಾರಕ್ಕೆ 2.5ರಿಂದ 3 ಲೀಟರ್. 20 ಜನಕ್ಕೆ ಒಂದು ಶೌಚಾಲಯ. ಮಲಗಲು ತಲೆಗೆ 3.5 ಚದರ ಮೀಟರ್. ದಿನಕ್ಕೆ 2,100 ಕ್ಯಾಲೊರಿ. ನಾಲ್ಕು ಜನರ ಮನೆ ಮೂರು ದಿನಕ್ಕೆ ಕುಡಿಯುವ ನೀರು ಕೂಡಿಡಬೇಕೆಂದರೆ 36 ಲೀಟರ್, ಅಂದರೆ 20 ಲೀಟರಿನ ಎರಡು ಕ್ಯಾನು. ಶಿಬಿರದ ಕೊಠಡಿಯ ನೆಲ ಅಳೆದು 3.5ರಿಂದ ಭಾಗಿಸಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರೆ ಮಳೆಯ ರಾತ್ರಿಯ ಜಗಳ ಅರ್ಧ ಕಡಿಮೆಯಾಗುತ್ತದೆ.

ಕೇರಳ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆರೆಂಜ್ ಬುಕ್’ ಕೂಡ ಜಾಲತಾಣದಲ್ಲಿ ಇದೆ. ಯಾವ ಎಚ್ಚರಿಕೆಗೆ ಯಾವ ಇಲಾಖೆ ಏನು ಮಾಡಬೇಕೆಂದು ಹೇಳುವ ಪುಸ್ತಕ. ಓದಲು ಒಣಒಣ, ಆದರೆ ಪಂಚಾಯತು ಸಭೆಯಲ್ಲಿ ಕೈಯಲ್ಲಿ ಹಿಡಿದು ಮಾತಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಪ್ರಾಧಿಕಾರ ಪ್ರತಿ ಮಳೆಗಾಲ ಹೊರಡಿಸುವ ತುರ್ತು ಚೀಲದ ಪಟ್ಟಿ ಮಲಯಾಳದಲ್ಲಿ ಬರುತ್ತದೆ. ಮಲಯಾಳ ಓದಲು ಬಾರದ ಅಜ್ಜಿಯಂದಿರಿರುವ ಊರು ನಿಮ್ಮದು, ಆದ್ದರಿಂದ ಅದನ್ನು ಕನ್ನಡದಲ್ಲಿ ಬರೆದು ಹಚ್ಚುವುದು ಗ್ರಂಥಾಲಯದ ಕೆಲಸ. ಟಾರ್ಚು, ರೇಡಿಯೋ, ಅರ್ಧ ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ದಿನಾ ತೆಗೆದುಕೊಳ್ಳುವ ಮಾತ್ರೆ, ಗಾಯದ ಮದ್ದು, 100 ಗ್ರಾಂ ನೆಲಗಡಲೆ, 100 ಗ್ರಾಂ ಒಣದ್ರಾಕ್ಷಿ ಅಥವಾ ಖರ್ಜೂರ, ಸಣ್ಣ ಚೂರಿ, 10 ಕ್ಲೋರಿನ್ ಮಾತ್ರೆ, ಚಾರ್ಜು ತುಂಬಿದ ಸಾದಾ ಮೊಬೈಲು, ಬೆಂಕಿಪೆಟ್ಟಿಗೆ, ಕೈಯಲ್ಲಿ ಒಂದಿಷ್ಟು ನಗದು. ಅರ್ಧ ಲೀಟರ್ ನೀರೆಂದು ಓದಿ ನಗುವವರಿದ್ದಾರೆ. ಅದು ಹೊತ್ತು ನಡೆಯುವ ಚೀಲದ ಲೆಕ್ಕ, ಮೇಲೆ ಹೇಳಿದ 36 ಲೀಟರ್ ಮನೆಯಲ್ಲೇ ಉಳಿಯುವವರ ಲೆಕ್ಕ. ಎರಡನ್ನೂ ಬೇರೆಬೇರೆ ಹಾಳೆಯಲ್ಲಿ ಬರೆಯಿರಿ.

ಇದೇ ಹಾಳೆಯ ಹಿಂಬದಿಗೆ ಬಣ್ಣದ ಎಚ್ಚರಿಕೆಗಳ ಅರ್ಥ ಇರಲಿ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ಸಾಧ್ಯತೆಗೆ ಹಳದಿ, 115.6ರಿಂದ 204.4ಕ್ಕೆ ಕಿತ್ತಳೆ, ಅದಕ್ಕೂ ಮೇಲೆ ಕೆಂಪು. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ಹಳದಿ ದಿನದಲ್ಲೂ 10 ಚದರ ಮೀಟರಿನ ತಗಡಿನ ಮಾಡಿನಿಂದ 500 ಲೀಟರಿಗೆ ಕಡಿಮೆಯಿಲ್ಲದೆ ನೀರು ಹಿಡಿಯಬಹುದು, ಮೊದಲ ಹತ್ತು ಹದಿನೈದು ನಿಮಿಷದ ಕೊಳೆನೀರನ್ನು ಬಿಟ್ಟು. ನಿಮ್ಮ ಬಾವಿ ಕೆಟ್ಟ ದಿನ ಸ್ನಾನಕ್ಕೆ, ಪಾತ್ರೆಗೆ ಇದೇ ಆಧಾರ.

ಇದನ್ನು ಹೇಳಲು ಕಾರಣವಿದೆ. ಅಮೆರಿಕದ ಸೈನ್ಯದ ಕೈಪಿಡಿಯಲ್ಲೂ ಬ್ರಿಟನ್ನಿನ ವಿಶೇಷ ಸೇನಾದಳ ಎಸ್‌ಎಎಸ್‌ನಲ್ಲಿದ್ದ ಜಾನ್ ‘ಲಾಫ್ಟಿ’ ವೈಸ್‌ಮನ್ ಅವರ 1986ರ ‘ಎಸ್‌ಎಎಸ್ ಸರ್ವೈವಲ್ ಹ್ಯಾಂಡ್‌ಬುಕ್’ನಲ್ಲೂ ಹುಡುಗರಿಗೆ ಬಹಳ ಹಿಡಿಸುವುದು ಗುಂಡಿ ತೋಡಿ ಪ್ಲಾಸ್ಟಿಕ್ ಹಾಸಿ ಬಿಸಿಲಿಗೆ ನೀರು ಇಳಿಸುವಂಥ ವಿದ್ಯೆ. ಅದು ಮರುಭೂಮಿಯದು. ದಿನಕ್ಕೆ ಒಂದು ಲೀಟರ್ ಸಿಕ್ಕರೆ ಪುಣ್ಯ, ಗುಂಡಿ ತೋಡುವಾಗ ಸುರಿಯುವ ಬೆವರೇ ಅದಕ್ಕಿಂತ ಹೆಚ್ಚು. ಸೈನ್ಯದ ಕೈಪಿಡಿಯಲ್ಲಿ ಗುರುತಿಲ್ಲದ ಸೊಪ್ಪನ್ನು ಹಂತಹಂತವಾಗಿ ತಿಂದು ಪರೀಕ್ಷಿಸುವ ಕ್ರಮವಿದೆ. ಅದೂ ನಮಗೆ ಬೇಡ. ಮೂರು ನಾಲ್ಕು ದಿನದ ನೆರೆಯಲ್ಲಿ ಹಸಿವಿನಿಂದ ಯಾರೂ ಸಾಯುವುದಿಲ್ಲ, ಗುರುತಿಲ್ಲದ ಅಣಬೆ ತಿಂದರೆ ಸತ್ತಾರು. ಆಟಿ ತಿಂಗಳಿಗೆಂದು ಅಟ್ಟದಲ್ಲಿಟ್ಟ ಕುಚ್ಚಲಕ್ಕಿ, ಹಪ್ಪಳ, ಉಪ್ಪುಸೊಳೆ, ಮಾಂಬಳ ಮತ್ತು ಒಲೆ ಹೊತ್ತದ ದಿನಕ್ಕೆ ನಾಲ್ಕು ಕಿಲೋ ಅವಲಕ್ಕಿ ಇದ್ದರೆ ಆ ಅಧ್ಯಾಯವನ್ನು ಹಾರಿಸಬಹುದು. ಎಸ್‌ಎಎಸ್ ಪುಸ್ತಕವನ್ನು ತರಿಸುವುದಾದರೆ ಹಗ್ಗದ ಗಂಟುಗಳಿಗಾಗಿ ತರಿಸಿ. ಕತ್ತಲಲ್ಲಿ, ಒದ್ದೆ ಕೈಯಲ್ಲಿ ಹಾಕಲು ಬರುವಷ್ಟು ನಾಲ್ಕೇ ಗಂಟು ಕಲಿತರೆ ಸಾಕು.

ಹಾವಿನ ವಿಷಯದಲ್ಲಂತೂ ವಿದೇಶದ ಪುಸ್ತಕ ಮುಚ್ಚಿಡಿ. ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಮೂರೂ ತಪ್ಪು. ಕಚ್ಚಿದ ಕಾಲನ್ನು ಅಲುಗಾಡದಂತೆ ಮರದ ಪಟ್ಟಿ ಇಟ್ಟು ಕಟ್ಟಿ, ಕಚ್ಚಿದ ಗಂಟೆ ಬರೆದುಕೊಂಡು, ನಡೆಸದೆ ಆಸ್ಪತ್ರೆಗೆ ಒಯ್ಯಬೇಕು. ಗುರುತು ಹಿಡಿಯಲು ರೊಮುಲಸ್ ವಿಟೇಕರ್ ಮತ್ತು ಅಶೋಕ್ ಕ್ಯಾಪ್ಟನ್ ಅವರ ‘ಸ್ನೇಕ್ಸ್ ಆಫ್ ಇಂಡಿಯಾ’ ಇರಲಿ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ರಬ್ಬರು, ಅಡಿಕೆ ತೋಟದ ತರಗೆಲೆಯಲ್ಲಿ ಇರುವ, ಮೂಗು ಮೇಲೆದ್ದ ಸಣ್ಣ ಮಂಡಲಕ್ಕೆ ಅದು ಹಿಡಿಯುವುದಿಲ್ಲ. ಹಾಗಾಗಿ ಹಾವಿನ ಗುರುತು ಹೇಳಿದರೆ ವೈದ್ಯರಿಗೆ ಸಹಾಯ. ಆದರೆ ಹಾವನ್ನು ಹಿಡಿದು ತರಲು ಹೋಗಿ ಎರಡನೆಯ ಕಚ್ಚು ತಿನ್ನಬೇಡಿ, ದೂರದಿಂದ ಫೋಟೋ ಸಾಕು. ಪ್ರಥಮ ಚಿಕಿತ್ಸೆಯ ಪುಸ್ತಕ ಯಾವುದೇ ಇರಲಿ, 2010ರ ಹಿಂದಿನದಾದರೆ ಬೇಡ. ಹೃದಯ ನಿಂತವರಿಗೆ ಎದೆ ಒತ್ತುವುದನ್ನು ಮೊದಲು ಮಾಡಬೇಕೆಂಬ ಕ್ರಮ ಬಂದದ್ದು ಆ ವರ್ಷ: 30 ಸಲ ಒತ್ತು, 2 ಸಲ ಉಸಿರು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, 5ರಿಂದ 6 ಸೆಂಟಿಮೀಟರ್ ಆಳಕ್ಕೆ.

ಅಳತೆಯ ಪುಸ್ತಕಗಳು ಮುಗಿದವು. ನಡುವೆ ನಿಲ್ಲುವ ಎರಡಿವೆ. ಅಮಾಂಡಾ ರಿಪ್ಲಿ ಅವರ ‘ದಿ ಅನ್‌ಥಿಂಕೆಬಲ್’ (2008) ವಿಪತ್ತಿನಲ್ಲಿ ಮನಸ್ಸು ಮೂರು ಮೆಟ್ಟಿಲು ಇಳಿಯುತ್ತದೆ ಎನ್ನುತ್ತದೆ: ಇಲ್ಲ ಎನ್ನುವುದು, ಚರ್ಚಿಸುವುದು, ಕೊನೆಗೆ ಮಾಡುವುದು. 2001ರ ದಾಳಿಯ ದಿನ ನ್ಯೂಯಾರ್ಕಿನ ಅವಳಿ ಗೋಪುರಗಳಲ್ಲಿ ಇದ್ದವರೂ ಇಳಿಯುವ ಮೊದಲು ಫೋನು ಮಾಡಿದರು, ಸಾಮಾನು ಎತ್ತಿಕೊಂಡರು. ‘ನಮ್ಮ ಮೆಟ್ಟಿಲಿಗೆ ಯಾವತ್ತೂ ನೀರು ಬಂದದ್ದಿಲ್ಲ’ ಎನ್ನುವ ಮಾತು ಆ ಮೊದಲ ಮೆಟ್ಟಿಲೇ. ರೆಬೆಕಾ ಸೋಲ್ನಿಟ್ ಅವರ ‘ಎ ಪ್ಯಾರಡೈಸ್ ಬಿಲ್ಟ್ ಇನ್ ಹೆಲ್’ (2009), ವಿಪತ್ತಿನಲ್ಲಿ ಜನ ಲೂಟಿಗೆ ಇಳಿಯುತ್ತಾರೆಂಬ ನಂಬಿಕೆಯನ್ನು 1906ರ ಸ್ಯಾನ್‌ಫ್ರಾನ್ಸಿಸ್ಕೋ ಭೂಕಂಪದಿಂದ 2005ರ ಕತ್ರೀನಾ ಚಂಡಮಾರುತದವರೆಗೆ ನೋಡಿ ಅಲ್ಲಗಳೆಯುತ್ತದೆ. 2018ರ ನೆರೆಯಲ್ಲಿ ಮೀನುಗಾರರು ದೋಣಿಗಳನ್ನು ಲಾರಿಗೆ ಏರಿಸಿ ಒಳನಾಡಿಗೆ ಬಂದದ್ದನ್ನು ಕಂಡ ಕೇರಳದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಈಗ ಹುಡುಗರ ಬೇಡಿಕೆ. ಕನ್ನಡದಿಂದ ಎರಡನ್ನು ಮೊದಲಿಗೆ ಇಡಿ. ನಾ. ಡಿಸೋಜ ಅವರ ‘ದ್ವೀಪ’: ಅಣೆಕಟ್ಟಿನ ನೀರು ಏರುತ್ತಿದೆ, ಊರಿನವರು ಹೊರಟಿದ್ದಾರೆ, ಒಂದು ಕುಟುಂಬ ಮಾತ್ರ ಉಳಿದಿದೆ. ಮನೆ ಬಿಡಲೊಪ್ಪದವರನ್ನು ಮೂರ್ಖರೆಂದು ಬಯ್ಯುವ ಸ್ವಯಂಸೇವಕರು ಓದಬೇಕಾದದ್ದು ಇದು. ದನ, ತೋಟ, ದೈವದ ಸ್ಥಾನ ಇವೆಲ್ಲ ಬಿಟ್ಟು ಬರುವುದಕ್ಕೆ ಉತ್ತರ ಸಿಗದೆ ಜನ ಏಳುವುದಿಲ್ಲ. ಇನ್ನೊಂದು ಯು. ಆರ್. ಅನಂತಮೂರ್ತಿ ಅವರ ‘ಸಂಸ್ಕಾರ’ (1965). ಅದನ್ನು ಧರ್ಮದ ಪ್ರಶ್ನೆಯಾಗಿ ಕಾಲೇಜಿನಲ್ಲಿ ಓದಿರುತ್ತೀರಿ. ಈ ಕಪಾಟಿಗಾಗಿ ಒಮ್ಮೆ ಇಲಿಗಳನ್ನಷ್ಟೇ ಹಿಂಬಾಲಿಸಿ ಓದಿ. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದವನು ಸಾಯುತ್ತಾನೆ, ಇಲಿಗಳು ಬಿದ್ದು ಸಾಯುತ್ತವೆ, ಹದ್ದುಗಳು ಮಾಡಿನ ಮೇಲೆ ಕೂರುತ್ತವೆ. ಅಗ್ರಹಾರದವರು ಶಂಖ ಜಾಗಟೆ ಬಾರಿಸಿ ಹದ್ದು ಓಡಿಸುತ್ತಾರೆ, ಇಲಿಯನ್ನು ಮಾತ್ರ ಯಾರೂ ಓದುವುದಿಲ್ಲ. ಮಲೆನಾಡಿನಲ್ಲಿ, ವಯನಾಡಿನಲ್ಲಿ ಮಂಗನ ಕಾಯಿಲೆಯ ಮೊದಲ ಸೂಚನೆಯೂ ಹೀಗೆಯೇ, ಕಾಡಿನಲ್ಲಿ ಸತ್ತುಬಿದ್ದ ಮಂಗ. ಕೈಯಲ್ಲಿ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ನಿಮ್ಮಲ್ಲಿ ಮಲಯಾಳ ಓದುವವರೂ ಇರುವುದು ದೊಡ್ಡ ಅನುಕೂಲ. ತಕಳಿಯವರ ‘ವೆಳ್ಳಪ್ಪೊಕ್ಕತ್ತಿಲ್’ ನಾಲ್ಕೈದು ಪುಟದ ಕತೆ, ನೆರೆಯಲ್ಲಿ ಮಾಡಿನ ಮೇಲೆ ಬಿಟ್ಟುಹೋದ ನಾಯಿಯದು. ಓದಿದವರು ಹೊರಡುವಾಗ ದನದ ಕಣ್ಣಿ ಬಿಚ್ಚಲು ಮರೆಯಲಾರರು. ಬೆನ್ಯಾಮಿನ್ ಅವರ ‘ಆಡುಜೀವಿತಂ’ (2008) ಗಲ್ಫಿಗೆ ಹೋದವರಿಲ್ಲದ ಮನೆಯೇ ಅಪರೂಪವಾದ ಕಾಸರಗೋಡಿಗೆ ಪರಿಚಯ ಬೇಡದ ಕಾದಂಬರಿ. ಬಾಯಾರಿಕೆ ದೇಹಕ್ಕೂ ಬುದ್ಧಿಗೂ ಏನು ಮಾಡುತ್ತದೆಂದು ಇಷ್ಟು ಹತ್ತಿರದಿಂದ ತೋರಿಸಿದ ಬರಹ ಕಡಿಮೆ. ಅಂಬಿಕಾಸುತನ್ ಮಾಙಾಡ್ ಅವರ ‘ಎಣ್ಮಕಜೆ’ ನಿಮ್ಮ ಪಕ್ಕದ ಪಂಚಾಯತಿನದೇ ಹೆಸರು. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನಿನ ಕತೆ. ಸೈರನ್ ಊದದೆ, ವರ್ಷಾನುಗಟ್ಟಲೆ ನಿಧಾನವಾಗಿ ಬರುವ ವಿಪತ್ತಿಗೆ ತುರ್ತು ಚೀಲ ಉಪಯೋಗವಿಲ್ಲ, ದಾಖಲೆ ಬರೆದಿಡುವುದೇ ಸಿದ್ಧತೆ. ಯಾವ ಮನೆಯಲ್ಲಿ, ಯಾವ ವರ್ಷ, ಏನು ಕಾಯಿಲೆ ಎಂಬ ಪುಸ್ತಕ.

ತೇಜಸ್ವಿಯವರು ಕನ್ನಡಕ್ಕೆ ತಂದ ‘ಮಹಾಪಲಾಯನ’ವನ್ನು ಹುಡುಗರು ಕೇಳಿಯೇ ಕೇಳುತ್ತಾರೆ. ಸೈಬೀರಿಯಾದ ಸೆರೆಯಿಂದ ತಪ್ಪಿಸಿಕೊಂಡು ಗೋಬಿ ಮರುಭೂಮಿ, ಹಿಮಾಲಯ ದಾಟಿ ಭಾರತಕ್ಕೆ ನಡೆದು ಬಂದೆನೆಂಬ ಸ್ಲಾವೊಮಿರ್ ರಾವಿಜ್‌ನ ಕತೆ. ಕೆಳಗಿಡಲು ಮನಸ್ಸು ಬಾರದ ಪುಸ್ತಕ, ಖಂಡಿತ ಇಡಿ. ಆದರೆ 2006ರಲ್ಲಿ ಬಿಬಿಸಿ ಬೆಳಕಿಗೆ ತಂದ ದಾಖಲೆಗಳ ಪ್ರಕಾರ ರಾವಿಜ್ 1942ರಲ್ಲಿ ಕ್ಷಮಾದಾನದಡಿ ಬಿಡುಗಡೆಯಾಗಿದ್ದವನು. ನೀರಿಲ್ಲದೆ ದಿನಗಟ್ಟಲೆ ಮರುಭೂಮಿಯಲ್ಲಿ ನಡೆಯಬಹುದೆಂಬ ಲೆಕ್ಕವನ್ನು ಅಲ್ಲಿಂದ ತೆಗೆದುಕೊಳ್ಳಬಾರದು. ಕಾದಂಬರಿಗಳ ಸಾಲಿನಲ್ಲೇ ಇಟ್ಟರೆ ತೊಂದರೆಯಿಲ್ಲ.

ಇಂಗ್ಲಿಷಿನಲ್ಲಿ ಮೂರು ಸಾಕು. ಡೆಫೋನ ‘ರಾಬಿನ್ಸನ್ ಕ್ರೂಸೋ’ (1719) ಮಕ್ಕಳ ಸಂಗ್ರಹವಲ್ಲದೆ ಪೂರ್ತಿ ರೂಪದಲ್ಲಿ ಬೇಕು. ಒಂದು ಗುಡುಗುಸಿಡಿಲಿನ ದಿನ ಹೆದರಿದ ಕ್ರೂಸೋ, ತನ್ನಲ್ಲಿದ್ದ ಸುಮಾರು 240 ಪೌಂಡ್ ಮದ್ದಿನಪುಡಿಯನ್ನು ನೂರಕ್ಕೂ ಕಡಿಮೆಯಿಲ್ಲದ ಪೊಟ್ಟಣ ಮಾಡಿ ಬೇರೆಬೇರೆ ಕಲ್ಲುಸಂದಿಗಳಲ್ಲಿ ಇಡುತ್ತಾನೆ. ಅಕ್ಕಿ, ಮಾತ್ರೆ, ಆಧಾರ–ಆಸ್ತಿಪತ್ರದ ಪ್ರತಿಗಳನ್ನು ಒಂದೇ ಕಪಾಟಿನಲ್ಲಿಡುವವರಿಗೆ ಈ ಪುಟ ತೋರಿಸಿ. ಅಮಿತಾವ್ ಘೋಷ್ ಅವರ ‘ದಿ ಹಂಗ್ರಿ ಟೈಡ್’ (2004) ಸುಂದರಬನದ ಚಂಡಮಾರುತದಲ್ಲಿ ಮುಗಿಯುತ್ತದೆ. ಬಿರುಗಾಳಿಯ ಕಣ್ಣು ಹಾದುಹೋಗುವಾಗ ಎಲ್ಲ ಶಾಂತವಾಗಿ, ಆಮೇಲೆ ಗಾಳಿ ಎದುರು ದಿಕ್ಕಿನಿಂದ ಬಂದು ಬಡಿಯುವುದು ಅದರಲ್ಲಿ ಸರಿಯಾಗಿ ಬಂದಿದೆ. ಶಾಂತವಾಯಿತೆಂದು ಹೊರಗೆ ಬಂದವರನ್ನೇ ಆ ಎರಡನೆಯ ಗಾಳಿ ಹಿಡಿಯುವುದು. ಪ್ಯಾಟ್ ಫ್ರ್ಯಾಂಕ್ ಅವರ ‘ಅಲಾಸ್, ಬ್ಯಾಬಿಲಾನ್’ (1959) ಅಣುಯುದ್ಧದ ಕಾದಂಬರಿಯಾದರೂ ಅದರಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಹೆಂಗಸು ಸಾಯುವುದು ಫ್ರಿಜ್ ನಿಂತು ಇನ್ಸುಲಿನ್ ಕೆಟ್ಟದ್ದರಿಂದ.

ಆ ಒಂದು ಘಟನೆ ನಿಮ್ಮೂರಿನ ಎಷ್ಟೋ ಮನೆಗಳದ್ದು. ಫ್ರಿಜ್ ಇಲ್ಲದಾಗ ಇನ್ಸುಲಿನನ್ನು ನೀರು ತುಂಬಿದ ಮಣ್ಣಿನ ಮಡಕೆಯಲ್ಲಿಡಿ ಎಂದು ಪುಸ್ತಕಗಳು ಹೇಳುತ್ತವೆ. ಮಡಕೆ ತಂಪಾಗುವುದು ನೀರು ಆವಿಯಾಗುವುದರಿಂದ, ಒಣಹವೆಯಲ್ಲಿ ಮಾತ್ರ. ಆಟಿಯ ಮಳೆಯಲ್ಲಿ ಗಾಳಿಯೇ ನೀರು ಕುಡಿದು ತುಂಬಿರುವಾಗ ಮಡಕೆ ಹೆಚ್ಚೇನೂ ತಂಪು ಕೊಡದು. ಅದೃಷ್ಟಕ್ಕೆ ಆಗ ಸೆಕೆಯೂ ಇರುವುದಿಲ್ಲ. ಬಳಸುತ್ತಿರುವ ಸೀಸೆ 30 ಡಿಗ್ರಿ ಮೀರದ ಜಾಗದಲ್ಲಿ ಸುಮಾರು ನಾಲ್ಕು ವಾರ ಇರುತ್ತದೆ, ಪೊಟ್ಟಣದೊಳಗಿನ ಚೀಟಿಯಲ್ಲಿ ದಿನ ನೋಡಿಕೊಳ್ಳಿ. ಮಡಕೆ ಬೇಕಾಗುವುದು ಏಪ್ರಿಲ್–ಮೇ ತಿಂಗಳ ಗಾಳಿಮಳೆಗೆ ಕರೆಂಟು ಹೋದಾಗ. ಕರೆಂಟು ಇಲ್ಲವೆಂದು ಐಸಿನ ಮೇಲೆ ನೇರವಾಗಿ ಇಡಲೇಬಾರದು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು.

ಕೊಳ್ಳುವ ಕ್ರಮ ಕೇಳಿದ್ದೀರಿ. ವರ್ನರ್, ಸ್ಫಿಯರ್, ಆರೆಂಜ್ ಬುಕ್ ಮೂರಕ್ಕೂ ದುಡ್ಡು ಬೇಡ, ಬೇಕಾದ ಪುಟಗಳನ್ನಷ್ಟೇ ಮುದ್ರಿಸಿ. ಮೊದಲ ಖರ್ಚು ಹಳೆಯ ಪಾರ್ಕ್ ಮತ್ತು ಹೊಸ ಪ್ರಥಮ ಚಿಕಿತ್ಸೆಯ ಪುಸ್ತಕಕ್ಕೆ, ಎರಡನೆಯದು ‘ದ್ವೀಪ’, ‘ಸಂಸ್ಕಾರ’, ‘ಎಣ್ಮಕಜೆ’ಗೆ, ಉಳಿದರೆ ಹಾವಿನ ಪುಸ್ತಕ, ಆಮೇಲೆ ಇಂಗ್ಲಿಷ್ ಕಾದಂಬರಿಗಳು. ಕಪಾಟಿನ ಕೆಳಗಿನ ಎರಡು ಹಲಗೆ ಖಾಲಿ ಇರಲಿ, ನೀರು ಮೊದಲು ಬರುವುದು ಅಲ್ಲಿಗೆ. ಕೈಪಿಡಿಯ ಪ್ರತಿಗಳಲ್ಲಿ ಒಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸೀಲು ಮಾಡಿ ಎತ್ತರದ ಜಾಗದಲ್ಲಿರುವ ಬೇರೊಂದು ಮನೆಯಲ್ಲಿಡಿ, ಬೀಗ ಹಾಕಿದ ಗ್ರಂಥಾಲಯದ ಕೀಲಿಕೈ ನೆರೆಯ ರಾತ್ರಿ ಆಚೆ ದಡದಲ್ಲಿರುವುದೇ ವಾಡಿಕೆ. ಕೊನೆಗೊಂದು 100 ಪುಟದ ನೋಟುಬುಕ್ಕು. ಮೊದಲ ಪುಟದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ 1077, ಮೊಬೈಲಿನಿಂದಾದರೆ ಎಸ್‌ಟಿಡಿ ಕೋಡು ಸೇರಿಸಿ, ಮತ್ತು 112. ಎರಡನೆಯದರಲ್ಲಿ ದೋಣಿ, ಜನರೇಟರ್, ಮರ ಕೊಯ್ಯುವ ಯಂತ್ರ ಯಾರ ಮನೆಯಲ್ಲಿದೆ ಎಂಬುದು. ಮೂರನೆಯದರಲ್ಲಿ ಹಾಸಿಗೆ ಹಿಡಿದವರು, ಬಸುರಿಯರು, ಡಯಾಲಿಸಿಸಿಗೆ ಹೋಗುವವರು ಯಾವ ಮನೆಯಲ್ಲಿ, ಅವರನ್ನು ಎತ್ತಲು ಎಷ್ಟು ಜನ ಬೇಕು ಎಂಬುದು. ಪೆನ್ಸಿಲಿನಲ್ಲಿ ಬರೆಯಿರಿ: ಶಾಯಿ ನೀರಿಗೆ ಹರಡುತ್ತದೆ, ಪೆನ್ಸಿಲು ಹರಡದು, ಮತ್ತು ಪ್ರತಿ ಮೇ ತಿಂಗಳಲ್ಲಿ ಅಳಿಸಿ ತಿದ್ದಬೇಕಾಗುತ್ತದೆ.